ಬೋರ್ ದೊಡ್ಡದು ಮಾಡುವ ಮೊದಲು

ಕೆಟ್ಟು ನಿಂತ ಇಂಜಿನ್ನಿನ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಬಿಚ್ಚಿ ಬೆಳಕಿಗೆ ಹಿಡಿದಾಗ ಒಳಗೆ ಎರಡು ಬೇರೆ ಬೇರೆ ಗಾಯ ಕಂಡವು. ಕಾರ್ಬೊರೇಟರ್ ಕಡೆಯ ಗೋಡೆಯ ಮೇಲೆ ಉದ್ದುದ್ದ ಗೀರುಗಳು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಸೈಲೆನ್ಸರ್ ಕಡೆಯ ಗೋಡೆಗೆ ಅಲ್ಯುಮಿನಿಯಂ ಮೆತ್ತಿಕೊಂಡಿತ್ತು. ಅದು ಪಿಸ್ಟನ್ನಿನ ಮೈಯಿಂದ ಕಿತ್ತು ಬಂದದ್ದು. ಮೊದಲನೆಯದು ಧೂಳಿನ ಕೆಲಸ, ಎರಡನೆಯದು ಕಾವಿನ ಕೆಲಸ. ಇಂಜಿನ್ ಸೀಜ್ ಆಗಿ, ಅಂದರೆ ಪಿಸ್ಟನ್ ಗೋಡೆಗೆ ಹಿಡಿದುಕೊಂಡು, ನಿಂತದ್ದು ಕಾವಿನಿಂದ. ಆದರೆ ಅದು ಹಾಳಾಗೋಕೆ ಶುರುವಾದದ್ದು ಧೂಳಿನಿಂದ, ಅದೂ ಎಷ್ಟೋ ತಿಂಗಳ ಹಿಂದೆ.

ಗಾಡಿ ನಮ್ಮ ಕಾಕಾ ಅವರದು. ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಅವರ ತೋಟ. ಗೋಡಂಬಿ, ಭತ್ತ, ಸ್ವಲ್ಪ ಕಬ್ಬು. ಇಳಿಜಾರಿನ ಜಾಗ, ಟ್ರ್ಯಾಕ್ಟರ್ ಎಲ್ಲ ಕಡೆ ಹೋಗೋದಿಲ್ಲ. ಹಾಗಾಗಿ ಒಂದು 200 ಸಿಸಿ ಎಟಿವಿ, ಅಂದರೆ ದಪ್ಪ ಟೈರಿನ ನಾಲ್ಕು ಚಕ್ರದ ಸಣ್ಣ ಗಾಡಿ, ಇಟ್ಟುಕೊಂಡಿದ್ದಾರೆ. ಹಿಂದೆ ಸಣ್ಣ ಟ್ರೇಲರ್ ಕಟ್ಟಿ ಗೊಬ್ಬರ, ಪೈಪು, ಹಸಿ ಮೇವು ಸಾಗಿಸುತ್ತಾರೆ. ಎಟಿವಿ ಅಂದರೆ ರೆಸಾರ್ಟ್‌ನಲ್ಲಿ ಸುತ್ತು ಹೊಡೆಯುವ ಆಟಿಕೆ ಅಂತ ತುಂಬಾ ಜನ ತಿಳಿದಿದ್ದಾರೆ. ಕಾಕಾ ತೋಟದಲ್ಲಿ ಅದು ದಿನಾ ದುಡಿಯುವ ಗಾಡಿ. ಹಾಗಂತ ಬೇಲಿ ದಾಟಿ ಓಡಿಸೋದಿಲ್ಲ. ಇದಕ್ಕೆ ರಸ್ತೆ ನೋಂದಣಿ ಇಲ್ಲ. ಆ ತಾಲೂಕಿನಲ್ಲೇ ಭೀಮಗಡ ಅಭಯಾರಣ್ಯ ಇದೆ, ಅಂಥ ಕಾಡಿನ ದಾರಿಗೆ ಇಂಥ ಗಾಡಿ ಹೋಗಲೇಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಏರಿ ಹತ್ತವಲ್ದಾಗಿತ್ತು. ನೀಲಿ ಹೊಗಿ ಭಾಳ ಬಿಡಾಕತ್ತಿತ್ತು. ನಿನ್ನೆ ಗಪ್ಪನ ನಿಂತ್ತು, ಕಿಕ್ ಹೊಡದ್ರ ಅಲಗಾಡವಲ್ದು. ಬಿಚ್ಚೇ ಬಿಚ್ಚತಿ, ಹಂಗ ಸ್ವಲ್ಪ ದೊಡ್ಡ ಬೋರ್ ಹಾಕಿ ಬಿಡು, ಜೋರ ಬರಲಿ."

ಬೋರ್ ಅಂದರೆ ಬ್ಲಾಕಿನಲ್ಲಿ ಪಿಸ್ಟನ್ ಆಡುವ ತೂತು. ಆ ಕೊನೆಯ ಮಾತು ಎಲ್ಲರೂ ಆಡುವ ಮಾತೇ. ಇಂಜಿನ್ ಕೆಟ್ಟಿದೆ, ಹೇಗೂ ಖರ್ಚು ಇದೆ, ದೊಡ್ಡ ಪಿಸ್ಟನ್ ಹಾಕಿಬಿಡೋಣ. ಅದರಲ್ಲಿ ತಪ್ಪೇನಿಲ್ಲ. ಆದರೆ ದೊಡ್ಡ ಬೋರ್ ರಿಪೇರಿ ಅಲ್ಲ. ಹಳೆಯ ಇಂಜಿನ್ ಯಾಕೆ ಸತ್ತಿತು ಅಂತ ಗೊತ್ತಾಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿಯಲ್ಲಿ ಸಾಯುತ್ತದೆ. ದೊಡ್ಡದಾಗಿದ್ದರೆ ಇನ್ನೂ ಬೇಗ, ಯಾಕೆಂದರೆ ಅದು ಒಳಗೆ ಎಳೆದುಕೊಳ್ಳುವ ಗಾಳಿಯೂ ಜಾಸ್ತಿ, ಗಾಳಿಯ ಜೊತೆ ಬರುವ ಧೂಳೂ ಜಾಸ್ತಿ.

ಇಂಜಿನ್ ಮೇಲೆ 163ಎಫ್‌ಎಂಎಲ್ ಅಂತ ಗುರುತಿದೆ. ಮೊದಲ 1 ಅಂದರೆ ಒಂದು ಸಿಲಿಂಡರ್. 63 ಅಂದರೆ ಬೋರಿನ ಅಗಲ ಮಿಲಿಮೀಟರ್‌ನಲ್ಲಿ, ನಿಖರವಾಗಿ 63.5. ಎಫ್ ಅಂದರೆ ಗಾಳಿಯಿಂದ ತಣ್ಣಗಾಗುವಂಥದ್ದು, ಎಂ ಅಂದರೆ ಮೋಟರ್‌ಸೈಕಲ್ ಜಾತಿ, ಎಲ್ ಅಂದರೆ 200 ಸಿಸಿ ವರ್ಗ. ಇದರ ಮೂಲ ಹೋಂಡಾದ ಸಿಜಿ 125, 1976ರಲ್ಲಿ ಬಂದದ್ದು. ದಾರಿ ಕೆಟ್ಟಿದ್ದರೂ, ಎಣ್ಣೆ ಬದಲಿಸೋದು ತಡವಾದರೂ ತಾಳಿಕೊಳ್ಳಲಿ ಅಂತಲೇ ಮಾಡಿದ ಇಂಜಿನ್. ವಾಲ್ವ್ ತೆರೆಸುವ ಕ್ಯಾಮ್ ಮೇಲೆ ಇಲ್ಲ, ಉದ್ದದ ಚೈನ್ ಇಲ್ಲ. ಕೆಳಗಿನ ಕ್ಯಾಮ್ ಪುಶ್ ರಾಡ್ ಅನ್ನುವ ಉದ್ದ ಕಡ್ಡಿಯ ಮೂಲಕ ವಾಲ್ವ್ ಎತ್ತುತ್ತದೆ. ಅದೇ ವಿನ್ಯಾಸವನ್ನು ಹಿಗ್ಗಿಸಿ ಚೀನಾದ ಕಾರ್ಖಾನೆಗಳು 150, 200, 250 ಸಿಸಿ ಇಂಜಿನ್‌ಗಳನ್ನು ಮಾಡಿದವು. ನನಗೆ ಈ ಇಂಜಿನ್ ಬಗ್ಗೆ ಗೌರವ ಇದೆ. ಇಷ್ಟು ಸರಳವಾದದ್ದು ಸತ್ತಿದೆ ಅಂದರೆ ಯಾರೋ ಬಹಳ ದಿನ ಅದಕ್ಕೆ ಕಷ್ಟ ಕೊಟ್ಟಿದ್ದಾರೆ ಅಂತಲೇ ಅರ್ಥ.

ಕಾರಣ ಸಿಗೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಏರ್ ಫಿಲ್ಟರ್ ಡಬ್ಬಿಯಿಂದ ಕಾರ್ಬೊರೇಟರ್‌ಗೆ ಹೋಗುವ ರಬ್ಬರ್ ಕೊಳವೆ ತೆಗೆದು, ಒಳಗೆ ಬೆರಳು ಆಡಿಸಿದೆ. ಬೆರಳ ತುದಿಗೆ ನುಣ್ಣನೆಯ ಕೆಂಪು ಮಣ್ಣು ಬಂತು, ಕುಂಕುಮದ ಹಾಗೆ. ಫಿಲ್ಟರ್ ದಾಟಿದ ಮೇಲಿನ ಜಾಗ ಅದು. ಅಲ್ಲಿ ಧೂಳು ಇರಲೇಬಾರದು. ತೋಟದ ಆಳುಗಳು ಫೋಮ್ ಫಿಲ್ಟರನ್ನು ಸೋಪು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದೆ ಹಾಗೇ ಹಾಕುತ್ತಿದ್ದರಂತೆ. ಫೋಮ್‌ಗೆ ಎಣ್ಣೆ ಹಚ್ಚಿ ಹಿಂಡಿ ಹಾಕಬೇಕು. ಎಣ್ಣೆ ಇಲ್ಲದ ಫೋಮ್ ಕಸಕಡ್ಡಿ ತಡೆಯುತ್ತದೆ, ಧೂಳನ್ನಲ್ಲ. ಅದರ ಮೇಲೆ ಕೊಳವೆಯ ಕ್ಲಾಂಪ್ ಕೂಡ ಸಡಿಲ ಆಗಿತ್ತು.

ಇಂಜಿನ್ನಿಗೆ ಬಹಳ ಕೆಟ್ಟದ್ದು 10–20 ಮೈಕ್ರಾನ್‌ನ ಧೂಳು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ. ಕಣ್ಣಿಗೆ ಅದು ಹೊಗೆಯಂತೆ ಕಾಣಬಹುದು ಅಷ್ಟೇ. ಆದರೆ ಅದರಲ್ಲಿರುವ ಮರಳಿನ ಅಂಶ ಬ್ಲಾಕಿನ ಬೀಡು ಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ನಿನ ಸುತ್ತ ಕೂರುವ ರಿಂಗು ಮತ್ತು ಗೋಡೆಯ ನಡುವಿನ ಎಣ್ಣೆಯ ಪದರಕ್ಕಿಂತ ಆ ಕಣ ದಪ್ಪ. ಪಿಸ್ಟನ್ ಮೇಲೆ ಕೆಳಗೆ ಆಡಿದಾಗಲೆಲ್ಲ ಅದು ಉಜ್ಜುತ್ತಲೇ ಇರುತ್ತದೆ. ರಿಂಗ್ ಸವೆಯುತ್ತದೆ, ಎಣ್ಣೆ ಮೇಲೇರಿ ಸುಡುತ್ತದೆ, ನೀಲಿ ಹೊಗೆ ಬರುತ್ತದೆ. ಎಣ್ಣೆಯ ಮಟ್ಟ ಇಳಿಯುತ್ತದೆ. ಈ ಇಂಜಿನ್‌ನಲ್ಲಿ ಹಿಡಿಯೋದೇ ಸುಮಾರು ಒಂದು ಲೀಟರ್. ಅದು ಅರ್ಧಕ್ಕೆ ಬಂದ ದಿನ, ಭಾರ ಕಟ್ಟಿಕೊಂಡು ಏರಿ ಹತ್ತುವಾಗ, ಹೆಚ್ಚು ಕಾಯುವ ಸೈಲೆನ್ಸರ್ ಕಡೆ ಪಿಸ್ಟನ್ ಹಿಗ್ಗಿ ಗೋಡೆಗೆ ಹಿಡಿದುಕೊಳ್ಳುತ್ತದೆ. ಬ್ಲಾಕಿನ ಎರಡು ಗಾಯಗಳ ಕಥೆ ಇದೇ.

ಬ್ಲಾಕ್ ಹಿಡಿದುಕೊಂಡು ಉದ್ಯಮಬಾಗಕ್ಕೆ ಹೋದೆ. ಬೆಳಗಾವಿಯಲ್ಲಿ ಇರೋದರ ಒಂದು ದೊಡ್ಡ ಅನುಕೂಲ ಇದು. ಈ ಊರಿನವರಿಗೆ ಕುಂದಾ ಎಷ್ಟು ಗೊತ್ತೋ ಕಬ್ಬಿಣವೂ ಅಷ್ಟೇ ಗೊತ್ತು. ಖಾನಾಪುರ ರಸ್ತೆಯ ಎಡಬಲದಲ್ಲಿ ಫೌಂಡ್ರಿಗಳು, ಲೇತ್ ಶಾಪ್‌ಗಳು, ಹೈಡ್ರಾಲಿಕ್ ವಾಲ್ವ್ ಮಾಡುವವರು, ಕ್ರ್ಯಾಂಕ್‌ಶಾಫ್ಟ್ ತಿರುವುವವರು. ಎರಕ ಹೊಯ್ಯುವಲ್ಲಿಂದ ಮೈಕ್ರಾನ್ ಲೆಕ್ಕದಲ್ಲಿ ಗ್ರೈಂಡ್ ಮಾಡುವ ತನಕ ಎಲ್ಲ ಕೆಲಸ ಒಂದೇ ಬಡಾವಣೆಯಲ್ಲಿ ಆಗುತ್ತದೆ. ಇಂಥ ಊರು ಕರ್ನಾಟಕದಲ್ಲಿ ಜಾಸ್ತಿ ಇಲ್ಲ, ಮತ್ತು ನಾವು ಇದರ ಬಗ್ಗೆ ಸಾಕಷ್ಟು ಹೆಮ್ಮೆ ಪಡೋದಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ನಾನು ಹೋಗುವ ಬೋರಿಂಗ್ ಶಾಪ್‌ನ ಮಿಸ್ತ್ರಿಯವರನ್ನು ಎಲ್ಲರೂ ಮಾಮಾ ಅಂತಲೇ ಕರೆಯೋದು. ಅವರು ಬ್ಲಾಕ್ ತಿರುಗಿಸಿ ನೋಡಿ ಕೆಳಗಿಟ್ಟರು.

"ಇದನ್ನ ಬೋರ್ ಮಾಡಾಕ ಭಾಳ ಹೊತ್ತ ಬೇಕಿಲ್ಲ ತಮ್ಮಾ. ಇದು ಯಾಕ ಹಿಂಗಾತು, ಅದನ್ನ ಮದಲ ಹೇಳು."

"ಫಿಲ್ಟರ್‌ದಿಂದ ಧೂಳ ಹೋಗೇತ್ರಿ ಮಾಮಾ. ಕ್ಲಾಂಪೂ ಸಡ್ಲ ಇತ್ತು."

"ಹಂಗಾದ್ರ ಕ್ರ್ಯಾಂಕೂ ಬಿಚ್ಚಬೇಕ. ಧೂಳ ಬರೇ ಮ್ಯಾಲ ಕುಂದ್ರೂದಿಲ್ಲ, ಎಣ್ಣಿ ಕೂಡ ಕೆಳಗ ಇಳಿತೈತಿ."

ಕ್ರ್ಯಾಂಕ್ ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ. ಅವರ ಮಾತು ಸರಿಯಾಗಿತ್ತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದರೆ ಅದರ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಸಣ್ಣಗೆ ಟಿಕ್ ಅನ್ನುತ್ತಿತ್ತು. ಪಕ್ಕಕ್ಕೆ ಸ್ವಲ್ಪ ಆಡಬೇಕು, ಅದು ಸಹಜ. ಮೇಲೆ ಕೆಳಗೆ ಆಡಲೇಬಾರದು. ಅಂದರೆ ಕ್ರ್ಯಾಂಕ್ ಕೂರುವ ಪೆಟ್ಟಿಗೆ, ಕ್ರ್ಯಾಂಕ್‌ಕೇಸ್, ಎರಡು ಹೋಳು ಮಾಡಲೇಬೇಕು. ದೊಡ್ಡ ಬೋರಿನ ತೀರ್ಮಾನ ಆದದ್ದು ಇಲ್ಲಿ. ಹಳೆಯ ಬ್ಲಾಕಿಗೆ 0.25 ಮಿಲಿಮೀಟರ್ ಲೆಕ್ಕದಲ್ಲಿ 1 ಮಿಲಿಮೀಟರ್ ತನಕ ಓವರ್‌ಸೈಜ್ ಪಿಸ್ಟನ್ ಸಿಗುತ್ತವೆ. ಆದರೆ ಗೀರು ಅದಕ್ಕಿಂತ ಆಳ ಇತ್ತು. ಹೊಸ ಬ್ಲಾಕ್ ಬೇಕೇಬೇಕು. 67 ಮಿಲಿಮೀಟರ್ ಬ್ಲಾಕ್ ಹಾಕಬೇಕೆಂದರೆ ಅದರ ಲೈನರ್ (ಒಳಗಿನ ಬೀಡಿನ ಕೊಳವೆ) ದಪ್ಪ, ಕ್ರ್ಯಾಂಕ್‌ಕೇಸಿನ ಬಾಯಿ ಅಗಲ ಮಾಡಬೇಕು. ಕೇಸ್ ಹೇಗೂ ಬಿಚ್ಚುವುದಿದೆ. ಕ್ರ್ಯಾಂಕ್ ಚೆನ್ನಾಗಿದ್ದಿದ್ದರೆ ನಾನು ಕಾಕಾಗೆ 63.5ರಲ್ಲೇ ಇರಲಿ ಅಂತ ಹೇಳುತ್ತಿದ್ದೆ.

ಲೆಕ್ಕ ಹೀಗಿದೆ. ಹಳೆಯ ಬೋರ್ 63.5, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 62.2 ಮಿಲಿಮೀಟರ್. ಒಟ್ಟು 197 ಸಿಸಿ. ಸ್ಟ್ರೋಕ್ ಅಷ್ಟೇ ಇಟ್ಟು ಬೋರ್ 67 ಮಾಡಿದರೆ 219 ಸಿಸಿ. ಶೇಕಡ 11ರಷ್ಟು ಹೆಚ್ಚು. ಕೇಳೋಕೆ ದೊಡ್ಡದು ಅನಿಸಬಹುದು. ಆದರೆ ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಗೋವಾದ ಗಾಳಿಗಿಂತ ತೆಳು. ಸಾದಾ ಕಾರ್ಬೊರೇಟರ್ ಇಂಜಿನ್ ಈ ಎತ್ತರದಲ್ಲಿ ಶೇಕಡ 7–8ರಷ್ಟು ಶಕ್ತಿಯನ್ನು ಸುಮ್ನೆ ಕಳೆದುಕೊಂಡಿರುತ್ತದೆ. ದೊಡ್ಡ ಬೋರಿನಿಂದ ನಮಗೆ ಸಿಕ್ಕಿದ್ದರಲ್ಲಿ ಹೆಚ್ಚಿನ ಪಾಲು, ಇದೇ ಗಾಡಿ ಪಣಜಿಯ ಕಡಲ ದಂಡೆಯಲ್ಲಿ ಓಡಿದ್ದರೆ ಇರುತ್ತಿದ್ದ ಜೋರು ಅಷ್ಟೇ. ಕಾಕಾಗೆ ಇದನ್ನು ಮೊದಲೇ ಹೇಳಿದ್ದೆ. ಗಾಡಿ ಹಾರೋದಿಲ್ಲ, ಆದರೆ ಏರಿಯಲ್ಲಿ ಗೇರ್ ಇಳಿಸೋದು ಕಡಿಮೆ ಆಗುತ್ತದೆ ಅಂತ.

ಇನ್ನೊಂದು ಲೆಕ್ಕವನ್ನು ಜನ ಮರೆಯುತ್ತಾರೆ. ಬೋರ್ ದೊಡ್ಡದಾಗಿ, ಬ್ಲಾಕಿನ ಮೇಲಿನ ಮುಚ್ಚಳದ, ಅಂದರೆ ಹೆಡ್ಡಿನೊಳಗಿನ ಜಾಗ ಮಾತ್ರ ಅಷ್ಟೇ ಉಳಿದರೆ ಕಂಪ್ರೆಷನ್, ಅಂದರೆ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಅನ್ನೋದು, ಏರುತ್ತದೆ. ಹಳೆಯ ಇಂಜಿನ್‌ದು 9ಕ್ಕೆ 1. ಅಂದರೆ ಮೇಲೆ ಉಳಿಯುವ ಜಾಗ 24.6 ಸಿಸಿ. ಅದೇ ಜಾಗಕ್ಕೆ 219 ಸಿಸಿ ಒತ್ತಿದರೆ 9.9ಕ್ಕೆ ಹೋಗುತ್ತದೆ. ಬಂಕಿನ ಸಾದಾ ಪೆಟ್ರೋಲ್. ಗಾಳಿಯಿಂದಲೇ ತಣ್ಣಗಾಗುವ ಇಂಜಿನ್, ನಿಧಾನ ವೇಗ, ಹಿಂದೆ ಭಾರ, ಏಪ್ರಿಲ್ ಬಿಸಿಲು. ಅಲ್ಲಿ 9.9 ಇಟ್ಟರೆ ನಾಕಿಂಗ್, ಅಂದರೆ ಇಂಧನ ತಾನಾಗೇ ಸಿಡಿದು ಇಂಜಿನ್ ಕುಟ್ಟೋದು, ಬರುವ ಅಪಾಯ ಇದೆ. ಹಾಗಾಗಿ ಹೊಸ ಪಿಸ್ಟನ್ನಿನ ತಲೆಯ ತಗ್ಗನ್ನು ಸಿರಿಂಜ್‌ನಿಂದ ಸೀಮೆಎಣ್ಣೆ ಹಾಕಿ ಅಳೆದೆ. ಹಳೆಯದಕ್ಕಿಂತ 2 ಸಿಸಿ ಜಾಸ್ತಿ ಹಿಡಿಯಿತು. ಅಲ್ಲಿಗೆ ಕಂಪ್ರೆಷನ್ 9.2ರ ಆಸುಪಾಸಿಗೆ ಬಂತು. ನಮ್ಮ ಕೆಲಸಕ್ಕೆ ಅಷ್ಟೇ ಬೇಕಿತ್ತು.

ಹೊಸ ಬ್ಲಾಕ್, ಪಿಸ್ಟನ್, ರಿಂಗ್ ಎಲ್ಲ ಸೇರಿ ಕಿಟ್ ಆಗಿ ಬಂದವು. ಡಬ್ಬಿಯಿಂದ ತೆಗೆದು ನೇರ ಜೋಡಿಸುವವರು ಬಹಳ ಜನ. ಮಾಮಾ ಹಾಗೆ ಮಾಡೋಕೆ ಬಿಡಲಿಲ್ಲ. ಬ್ಲಾಕ್, ಪಿಸ್ಟನ್ ಎರಡನ್ನೂ ಸರ್ಫೇಸ್ ಪ್ಲೇಟಿನ ಮೇಲೆ ಇಟ್ಟು, ಬಟ್ಟೆ ಮುಚ್ಚಿ, "ನಾಳೆ ಮುಂಜಾನೆ ಬಾ" ಅಂದರು. ಅಳತೆ ತೆಗೆಯುವಾಗ ಎರಡೂ ಒಂದೇ ತಾಪದಲ್ಲಿ ಇರಬೇಕು. ಅಲ್ಯುಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 67 ಮಿಲಿಮೀಟರ್ ಪಿಸ್ಟನ್ 10 ಡಿಗ್ರಿ ಬೆಚ್ಚಗಾದರೆ 15 ಮೈಕ್ರಾನ್ ದಪ್ಪ ಆಗುತ್ತದೆ. ಪಿಸ್ಟನ್ ಮತ್ತು ಗೋಡೆಯ ನಡುವೆ ನಾವು ಇಡಬೇಕಾದ ಸಂದು 40–50 ಮೈಕ್ರಾನ್. ಪಿಸ್ಟನ್ನನ್ನು ಅಂಗೈಯಲ್ಲಿ ಹಿಡಿದು ಮಾತಾಡುತ್ತ ನಿಂತರೆ ಸಾಕು, ಅಳತೆಯ ಮೂರನೇ ಒಂದು ಭಾಗ ಸುಳ್ಳಾಗುತ್ತದೆ.

ಬೆಳಿಗ್ಗೆ ಹೋದಾಗ ಅವರು ಇನ್ನೂ ಚಹಾ ಕುಡಿದಿರಲಿಲ್ಲ. ಮೊದಲು ಪಿಸ್ಟನ್ನಿನ ಮೈಯನ್ನು ಮೈಕ್ರೋಮೀಟರ್‌ನಲ್ಲಿ ಹಿಡಿದರು, ಪಿನ್ನಿಗೆ ಅಡ್ಡಲಾಗಿ, ಕೆಳಗಿನ ಅಂಚಿಗಿಂತ ಸ್ವಲ್ಪ ಮೇಲೆ. ಆ ಅಳತೆಗೇ ಬೋರ್ ಗೇಜನ್ನು ಸೊನ್ನೆ ಮಾಡಿದರು. ಆಮೇಲೆ ಗೇಜನ್ನು ಬ್ಲಾಕಿಗೆ ಇಳಿಸಿ, ಮೆಲ್ಲಗೆ ಹಿಂದೆ ಮುಂದೆ ತೂಗಿ, ಮುಳ್ಳು ಎಲ್ಲಿ ತಿರುಗಿ ಬರುತ್ತದೆ ಅಂತ ನೋಡಿದರು. ಮೇಲೆ, ನಡುವೆ, ಕೆಳಗೆ. ಪ್ರತಿ ಕಡೆಯೂ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ನಾನು ಚೀಟಿಯಲ್ಲಿ ಬರೆದುಕೊಂಡೆ. ಮೇಲೆ 45 ಮೈಕ್ರಾನ್ ಸಂದು. ಕೆಳಗೆ ಬರೀ 25. ಹೊಸ ಬ್ಲಾಕೇ ಕೆಳಗೆ ಬಿಗಿಯಾಗಿತ್ತು. ಡಬ್ಬಿಯಿಂದ ನೇರ ಜೋಡಿಸಿದ್ದರೆ ಮೊದಲ ಏರಿಯಲ್ಲೇ ಮತ್ತೆ ಹಿಡಿದುಕೊಳ್ಳುತ್ತಿತ್ತು. ಅವರು ಕಲ್ಲಿನಿಂದ ಬೋರಿನ ಗೋಡೆ ಉಜ್ಜುವ ಹೋನಿಂಗ್ ಮಷಿನ್‌ಗೆ ಕಟ್ಟಿ, ಕೆಳಗೆ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಿಸಿ, ಎಲ್ಲ ಕಡೆ 45ಕ್ಕೆ ತಂದರು. ಹೋನ್ ಕಲ್ಲು ಮೇಲೆ ಕೆಳಗೆ ಓಡಿ ಬಿಟ್ಟ ಓರೆ ಗೆರೆಗಳು ಒಂದರ ಮೇಲೊಂದು ಹಾಯ್ದು ಸಣ್ಣ ಜಾಳಿಗೆಯಂತೆ ಕಾಣುತ್ತಿದ್ದವು. ಎಣ್ಣೆ ನಿಲ್ಲೋದು ಆ ಗೆರೆಗಳಲ್ಲೇ. ಹಳೆಯ ಬ್ಲಾಕಿನಲ್ಲಿ ಅವು ಪೂರ್ತಿ ಅಳಿಸಿ ಹೋಗಿದ್ದವು.

ಹೋನಿಂಗ್ ಆದ ಬ್ಲಾಕನ್ನು ಬಿಸಿನೀರು, ಸೋಪಿನಲ್ಲಿ ಬ್ರಷ್ ಹಾಕಿ ತೊಳೆಯಬೇಕು. ಸೀಮೆಎಣ್ಣೆಯಲ್ಲಿ ಒರೆಸಿದರೆ ಕಲ್ಲಿನ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ತೊಳೆದು, ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಬಟ್ಟೆ ಬೂದು ಆದರೆ ಮತ್ತೆ ತೊಳೆಯೋದು. ಬೆಳ್ಳಗೇ ಇರುವ ತನಕ ಬಿಡಲಿಲ್ಲ.

ಕ್ರ್ಯಾಂಕ್ ಕೆಲಸ ಬೇರೆ ಶಾಪಿನಲ್ಲಿ ಆಯಿತು. ಹಳೆಯ ಪಿನ್ನನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿ ತೆಗೆದು, ಹೊಸ ರಾಡ್, ಪಿನ್, ಬೇರಿಂಗ್ ಕೂರಿಸಿದರು. ಒತ್ತಿ ಕೂರಿಸಿದ ಮೇಲೆ ಎರಡು ಬದಿಯ ಚಕ್ರಗಳು ಒಂದೇ ನೇರಕ್ಕೆ ಬಂದಿರೋದಿಲ್ಲ. ಸೆಂಟರ್‌ಗಳ ನಡುವೆ ಕಟ್ಟಿ, ಎರಡೂ ತುದಿಗೆ ಡಯಲ್ ಗೇಜ್ ಇಟ್ಟು, ತಿರುಗಿಸಿ ನೋಡಿ, ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸೋದು, ಮತ್ತೆ ಒಂದು ಪೆಟ್ಟು. ಮುಳ್ಳಿನ ಓಲಾಟ 0.03 ಮಿಲಿಮೀಟರ್ ಒಳಗೆ ಬಂದಾಗ ನಿಲ್ಲಿಸಿದರು. ಎಲ್ಲಿ, ಎಷ್ಟು ಜೋರಾಗಿ ಹೊಡೆಯಬೇಕು ಅನ್ನೋದು ಯಾವ ಮ್ಯಾನ್ಯುಯಲ್‌ನಲ್ಲೂ ಸಿಗೋದಿಲ್ಲ. ಆ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅವನ ಕೈ ನೋಡುತ್ತ ನಿಂತುಬಿಟ್ಟೆ.

ಕೇಸಿನ ಬಾಯಿ ಅಗಲ ಮಾಡುವಾಗ ಎರಡೂ ಹೋಳುಗಳನ್ನು ನಡುವೆ ಗ್ಯಾಸ್ಕೆಟ್ ಇಟ್ಟು ಪೂರ್ತಿ ಬಿಗಿದು, ಮಿಲ್ಲಿಂಗ್ ಮಷಿನ್‌ಗೆ ಕಟ್ಟಿಸಿದೆ. ಬಿಡಿ ಬಿಡಿಯಾಗಿ ಕೊರೆದರೆ ತೂತು ಗುಂಡಗೆ ಬರೋದಿಲ್ಲ. ಬೇರಿಂಗ್‌ಗಳನ್ನು ಮೊದಲೇ ತೆಗೆಸಿದ್ದೆ, ಅಲ್ಯುಮಿನಿಯಂ ಚೂರು ಒಂದೂ ಒಳಗೆ ಉಳಿಯಬಾರದು ಅಂತ.

ಪಿಸ್ಟನ್ ತೂಕದ ಬಗ್ಗೆಯೂ ಒಂದು ಮಾತು. ದೊಡ್ಡ ಪಿಸ್ಟನ್ ಭಾರ ಇದ್ದರೆ ಒಂದೇ ಸಿಲಿಂಡರಿನ ಇಂಜಿನ್ ನಡುಗುತ್ತದೆ, ಹೊಸ ಬೇರಿಂಗ್‌ಗೂ ಪೆಟ್ಟು. ಶಹಾಪುರದಲ್ಲಿ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಎರಡೂ ಪಿಸ್ಟನ್ ಒಯ್ದು, ಪಿನ್ನು ರಿಂಗು ಸಮೇತ ತೂಗಿಸಿದೆ. ಹೊಸದು ಸ್ವಲ್ಪವೇ ಭಾರ. ಅದರ ಪಿನ್ ಗಿಡ್ಡ, ಅದಕ್ಕೆ ವ್ಯತ್ಯಾಸ ಅಷ್ಟಕ್ಕೇ ನಿಂತಿತ್ತು.

ಜೋಡಿಸುವ ಕೆಲಸವನ್ನು ನಾನೇ ಮನೆಯಲ್ಲಿ ಮಾಡಿದೆ. ನನಗೆ ಇದರಲ್ಲಿ ಬಹಳ ಇಷ್ಟದ ಭಾಗ ರಿಂಗ್ ಸಂದು ನೋಡೋದು. ರಿಂಗನ್ನು ಬರಿಯ ಬ್ಲಾಕಿಗೆ ಇಳಿಸಿ, ಪಿಸ್ಟನ್ ತಲೆಯಿಂದ ಒತ್ತಿ ನೇರ ಮಾಡಿ, ತುದಿಗಳ ನಡುವೆ ಫೀಲರ್ ಗೇಜ್ ಹಾಕಬೇಕು. 67 ಮಿಲಿಮೀಟರ್ ಬೋರಿಗೆ ಸುಮಾರು 0.27 ಮಿಲಿಮೀಟರ್ ಇರಬೇಕು. ಮೇಲಿನ ರಿಂಗ್ ಬಿಗಿ ಇತ್ತು. ಸಣ್ಣ ಅರದಿಂದ ಒಂದೇ ದಿಕ್ಕಿಗೆ, ಹೊರಗಿಂದ ಒಳಕ್ಕೆ, ಎರಡೆಳೆ ಉಜ್ಜಿ ಮತ್ತೆ ಇಳಿಸಿ ನೋಡೋದು. ಸಂದು ಕಡಿಮೆ ಇದ್ದರೆ ಕಾದಾಗ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ. ಅದು ಮುರಿದರೆ ಇಷ್ಟು ದಿನದ ಕೆಲಸ ಎಲ್ಲ ಹೋಯಿತು. ಆಮೇಲೆ ಪಿಸ್ಟನ್ ತಲೆಯ ಮೇಲೆ ಮಕ್ಕಳ ಆಟದ ಜೇಡಿ ಅಂಟಿಸಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ತೆಗೆದೆ. ವಾಲ್ವ್‌ಗಳು ಜೇಡಿಯಲ್ಲಿ ತಮ್ಮ ಗುರುತು ಒತ್ತಿದ್ದವು. ಬ್ಲೇಡಿನಿಂದ ಕೊಯ್ದು ಅಳೆದೆ. ಬಹಳ ತೆಳುವಿದ್ದ ಕಡೆಯೂ 2 ಮಿಲಿಮೀಟರ್ ಮೇಲೆ ಇತ್ತು. ವಾಲ್ವ್ ಪಿಸ್ಟನ್ನಿಗೆ ತಾಗುವ ಭಯ ಇಲ್ಲ.

ಜೆಟ್, ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು, ಅದರ ವಿಷಯದಲ್ಲಿ ಈಗಿನ ಪೆಟ್ರೋಲ್ ನೆನಪಿಡಬೇಕು. ಬಂಕಿನಲ್ಲಿ ಸಿಗೋದು ಶೇಕಡ 20 ಎಥನಾಲ್ ಬೆರೆತದ್ದು. ಒಂದು ಕೆಜಿ ಬರಿಯ ಪೆಟ್ರೋಲ್ ಸುಡೋಕೆ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಅಂದರೆ ಅಷ್ಟೇ ಗಾಳಿಗೆ ಈಗ ಇಂಧನ ಜಾಸ್ತಿ ಬೇಕು. ಹಳೆಯ ಜೆಟ್ ಹಾಗೇ ಇಟ್ಟರೆ ಇಂಜಿನ್ ಒಣಗಿ ಓಡುತ್ತದೆ, ಕಾಯುತ್ತದೆ. ನಮ್ಮ ಜಿಲ್ಲೆಯ ಕಬ್ಬೇ ಕಾರ್ಖಾನೆಗೆ ಹೋಗಿ ಎಥನಾಲ್ ಆಗಿ ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಕಾರ್ಬೊರೇಟರನ್ನು ಅದಕ್ಕೆ ತಕ್ಕಂತೆ ಹೊಂದಿಸಬೇಕು ಅಷ್ಟೇ. ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿ, ಏರಿಯಲ್ಲಿ ಫುಲ್ ರೇಸ್‌ನಲ್ಲಿ ಓಡಿಸಿ, ಅಲ್ಲೇ ಇಂಜಿನ್ ಬಂದ್ ಮಾಡಿ ಪ್ಲಗ್ ತೆಗೆದು ನೋಡಿದೆ. ತಿಳಿ ಕಂದು. ಬೆಳ್ಳಗಿದ್ದಿದ್ದರೆ ಇನ್ನೊಂದು ಸೈಜ್ ಏರಿಸುತ್ತಿದ್ದೆ.

ಶುರುವಿನ ಓಟ ತೋಟದಲ್ಲೇ ಆಯಿತು. ಹೊಸ ರಿಂಗ್ ಕೂರಬೇಕಾದರೆ ಗಾಡಿಯನ್ನು ಸುಮ್ನೆ ಒಂದೇ ಕಡೆ ನಿಲ್ಲಿಸಿ ಗುರುಗುಡಿಸಬಾರದು. ಸ್ವಲ್ಪ ಭಾರ ಕೊಡಬೇಕು, ಬಿಡಬೇಕು, ಮತ್ತೆ ಕೊಡಬೇಕು. ಕಾಕಾ ಗೋಡಂಬಿ ಮರಗಳ ನಡುವೆ ಖಾಲಿ ಟ್ರೇಲರ್ ಕಟ್ಟಿಕೊಂಡು ಓಡಿಸಿದರು. ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಮತ್ತೊಮ್ಮೆ ಟಾರ್ಕ್ ರೆಂಚ್‌ನಿಂದ ನೋಡಿ, ಟ್ಯಾಪೆಟ್ (ವಾಲ್ವ್ ಮೇಲಿನ ಸಂದು) 0.08 ಮಿಲಿಮೀಟರ್‌ಗೆ ಇಟ್ಟೆ. ಮೊದಲ ಎಣ್ಣೆಯನ್ನು ಬೇಗ ಬದಲಿಸಿದೆವು. ಅದನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದರೆ ನುಣ್ಣನೆಯ ಬೂದು ಮಿನುಗು ಇತ್ತು, ರಿಂಗ್ ಕೂರುವಾಗ ಬರುವಂಥದ್ದು. ಚೂರುಗಳು ಇರಲಿಲ್ಲ.

ತೋಟದಲ್ಲಿ ಈಗ ಎರಡು ಫೋಮ್ ಫಿಲ್ಟರ್ ಇವೆ. ಒಂದು ಗಾಡಿಯಲ್ಲಿ, ಇನ್ನೊಂದು ತೊಳೆದು ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬದಲು. ಈ ಇಡೀ ಕೆಲಸದಲ್ಲಿ ಕಡಿಮೆ ದುಡ್ಡಿನದು ಇದೇ, ಇಂಜಿನ್ ಉಳಿಸೋದೂ ಇದೇ. ಆಳುಗಳಿಗೆ ಕೊಳವೆಯೊಳಗೆ ಬೆರಳು ಆಡಿಸಿ ನೋಡೋದನ್ನು ಕಲಿಸಿದ್ದೇನೆ. ಬೆರಳಿಗೆ ಕೆಂಪು ಹತ್ತಿದರೆ ಗಾಡಿ ಸ್ಟಾರ್ಟ್ ಮಾಡಬಾರದು, ನನಗೆ ಫೋನ್ ಮಾಡಬೇಕು.

ಮೇವಿನ ಟ್ರೇಲರ್ ಈಗ ಎರಡನೇ ಗೇರಿನಲ್ಲೇ ಬಾವಿಯ ಏರಿ ಹತ್ತುತ್ತದೆ. ಕಾಕಾಗೆ ಖುಷಿ. "70 ಆಗೂದಿಲ್ಲೇನ?" ಅಂತ ಕೇಳಿದರು. ಆಗೋದಿಲ್ಲ ಅಂದೆ. ಹೆಡ್ ಸ್ಟಡ್‌ಗಳ ನಡುವೆ ಅಷ್ಟು ಜಾಗ ಇಲ್ಲ, ಲೈನರ್ ಗೋಡೆ ಕಾಗದ ಆಗುತ್ತದೆ. ಅದಕ್ಕಿಂತ ಮೊದಲು ಹಿಂದಿನ ಬ್ರೇಕ್ ನೋಡಬೇಕು. ಭಾರ ಕಟ್ಟಿಕೊಂಡು ಅದೇ ಏರಿ ಇಳಿಯುವಾಗ ಅದು ಜಾರುತ್ತಿದೆ.